ಹಾಕದ ಸಹಿ

2022ರಲ್ಲಿ ನಾನು ಸ್ಯಾನ್ ಡಿಯಾಗೊದ ಒಂದು ಟ್ರೇಲರ್ ಮಾರಾಟ ಕೇಂದ್ರದಲ್ಲಿ ಡೆಲಿವರಿ ಇನ್‌ಸ್ಪೆಕ್ಟರ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿದವಳು. ಗಿರಾಕಿಯ ಪಿಕಪ್ ಟ್ರಕ್ಕು ಅವರು ಕೊಂಡ ಟ್ರೇಲರನ್ನು ತಾಳುತ್ತದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಆ ಸಹಿಯಿಲ್ಲದೆ ಗಾಡಿ ಗೇಟು ದಾಟುವಂತಿರಲಿಲ್ಲ.

ಆ ಜುಲೈಯಲ್ಲಿ ಸೆರಿಟೋಸ್‌ನಿಂದ ಪಾಟೀಲ ಅಂಕಲ್ ಮತ್ತು ಶಾಂತಾ ಆಂಟಿ ಬಂದರು. ಮೂಲತಃ ಬಾಗಲಕೋಟೆಯವರು; ನಾನು ಹುಬ್ಬಳ್ಳಿ ಕಡೆಯವಳೆಂದು ತಿಳಿದು ನನ್ನ ಫೋನ್ ನಂಬರ್ ಬರೆದುಕೊಂಡರು. ಅಂಕಲ್ ಆಗಷ್ಟೇ ನಿವೃತ್ತರಾಗಿದ್ದರು. ಇಬ್ಬರೂ ಊರೂರು ಸುತ್ತಬೇಕೆಂದು ಫಿಫ್ತ್ ವೀಲ್ ಎಂಬ, ಒಳಗೇ ವಾಸಿಸಬಹುದಾದ ಟ್ರೇಲರ್ ಕೊಂಡಿದ್ದರು. ಇದು ಟ್ರಕ್ಕಿನ ಬಾಲಕ್ಕೆ ಸಿಗಿಸುವ ಗಾಡಿಯಲ್ಲ. ಇದರ ಮೂತಿ ಟ್ರಕ್ಕಿನ ಹಿಂಬದಿಯ ತೆರೆದ ತೊಟ್ಟಿಯಲ್ಲಿ ಕೂರಿಸಿದ ಹಿಚ್ ಎಂಬ ಕೊಂಡಿಯ ಮೇಲೆ ಒರಗುತ್ತದೆ. ಟ್ರೇಲರಿನ ಸುಮಾರು ಐದನೇ ಒಂದು ಭಾಗ ತೂಕವನ್ನು ಟ್ರಕ್ಕೇ ಹೊರಬೇಕು.

ಅವರ ಟ್ರಕ್ಕು 11,000 ಪೌಂಡ್ ಎಳೆಯುತ್ತದೆ ಎಂದು ಬ್ರೋಷರ್ ಹೇಳುತ್ತಿತ್ತು. ಸೇಲ್ಸ್‌ಮನ್ ತೋರಿಸಿದ್ದು ಅದನ್ನು ಮಾತ್ರ. ನಾನು ಚಾಲಕನ ಬಾಗಿಲು ತೆರೆದು ಅಲ್ಲಿನ ಸ್ಟಿಕರ್ ಓದಿದೆ: ಹೊರಬಲ್ಲ ಭಾರ 1,540 ಪೌಂಡ್. ಟ್ರೇಲರ್ ಖಾಲಿಯಿದ್ದಾಗಲೇ 8,000, ಅಂದರೆ ಹಿಚ್ ಮೇಲೆ 1,600. ಹಿಚ್ಚಿನದೂ ಇಬ್ಬರದೂ ಸೇರಿ ಇನ್ನೂ 480. ಬಟ್ಟೆಬರೆ, ಪಾತ್ರೆಪಗಡೆ ಇಡುವ ಮೊದಲೇ 540 ಪೌಂಡ್ ಹೆಚ್ಚು.

ಸಹಿ ಹಾಕಲಿಲ್ಲ. ಮ್ಯಾನೇಜರ್ ಮುಂದೆ ಲೆಕ್ಕ ಇಟ್ಟೆ. ಅವರು ದೊಡ್ಡ ಟ್ರಕ್ಕು ತರುವವರೆಗೆ ಟ್ರೇಲರನ್ನು ತಡೆಹಿಡಿಯುತ್ತೇನೆ ಎಂದು ಮಾತು ಕೊಟ್ಟ. ಗಿರಾಕಿಗಳ ಜೊತೆ ಸೇಲ್ಸ್‌ನವರೇ ಮಾತಾಡಬೇಕೆಂಬುದು ಅಲ್ಲಿನ ನಿಯಮ. ನಾನು ಅಂಕಲ್‌ಗೆ ಏನೂ ಹೇಳದೆ ಎರಡು ದಿನ ರಜೆಯ ಮೇಲೆ ಹೋದೆ.

ರಜೆಯ ಎರಡನೇ ದಿನವೇ ಅಂಕಲ್ ಫೋನ್ ಮಾಡಿದರು. ಟ್ರೇಲರ್ ಎಳೆದುಕೊಂಡು ಮನೆಗೆ ಹೋಗುವಾಗ, ಎಸ್ಕಾಂಡಿಡೊ ದಾಟಿದ ಮೇಲಿನ ಇಳಿಜಾರಿನಲ್ಲಿ ಟ್ರಕ್ಕಿನ ಹಿಂದಿನ ಟೈರ್ ಸಿಡಿದು, ಟ್ರೇಲರ್ ಓಲಾಡಿ, ಗಾಡಿ ತಡೆಗೋಡೆಗೆ ಉಜ್ಜಿ ನಿಂತಿತ್ತು. ಆಂಟಿಯ ಬಲ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಗೆ ಓಡಿದೆ. ಅಂಕಲ್ ಕಾಗದಪತ್ರಗಳ ಲಕೋಟೆಯನ್ನು ನನ್ನ ಕೈಗಿಟ್ಟರು. ತಪಾಸಣೆಯ ಹಾಳೆಯ ಕೆಳಗೆ, ಕಂಪ್ಯೂಟರಿನಲ್ಲಿ ಉಳಿಸಿಟ್ಟಿದ್ದ ನನ್ನ ಸಹಿ ಇತ್ತು.

“ನನಗ ಒಂದೀಟು ಅಂಜಿಕಿ ಇತ್ತವಾ,” ಅಂದರು ಅಂಕಲ್. “ನಮ್ಮ ಕಡೀ ಹುಡುಗಿ ನೋಡ್ಯಾಳ ಅಂತ ಇಕಿಗೆ ಹೇಳಿ ಗಾಡಿ ತಗೊಂಡು ಬಂದೆ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಸ್ಪತ್ರೆಯಿಂದ ನೇರ ಮ್ಯಾನೇಜರ್ ಕೋಣೆಗೆ ಹೋದೆ. ಯಾರೋ ಗುಮಾಸ್ತ ತಪ್ಪಿ ಒತ್ತಿರಬೇಕು ಎಂದ. ಮುರಿದದ್ದು ಬರೀ ಮಣಿಕಟ್ಟು ಎಂದೂ ಸೇರಿಸಿದ. “ನಾನು ಬೇಡ ಅಂದಿದ್ದು ನಿಮಗೊಬ್ಬರಿಗೇ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತಾಗತ್ತೆ,” ಎಂದೆ. ನನ್ನ ಲೆಕ್ಕದ ಪ್ರತಿಯನ್ನೂ ಲಿಖಿತ ಹೇಳಿಕೆಯನ್ನೂ ವಿಮಾ ತನಿಖೆಯವರಿಗೆ ಕೊಟ್ಟು, ಅಂದೇ ರಾಜೀನಾಮೆ ಬರೆದೆ.

ಕೇಂದ್ರ ಟ್ರೇಲರನ್ನು ವಾಪಸು ತೆಗೆದುಕೊಂಡಿತು. ಮ್ಯಾನೇಜರ್ ಬೇರೆ ಶಾಖೆಗೆ ಹೋದ; ಅಲ್ಲೂ ಮ್ಯಾನೇಜರೇ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ, ಅವನ ಮೇಲಷ್ಟೇ ಅಲ್ಲ. ನಾನು ‘ಬೇಡ’ ಎಂದದ್ದು ಮಾರುವವನಿಗೆ. ಹೇಳಬೇಕಾಗಿದ್ದು ಸ್ಟಿಯರಿಂಗ್ ಹಿಡಿಯುವವರಿಗೆ. ಪಾರ್ಕಿಂಗ್‌ವರೆಗೆ ನಡೆದು ಹೋಗಿ, ಕನ್ನಡದಲ್ಲಿ ಎರಡು ಮಾತು ಆಡಿದ್ದರೆ ಸಾಕಿತ್ತು.