ಕುಬಸದ ಊಟಕ್ಕೆ ಹೇಳಿದ್ದ ಎಲೆಗಳು

ನಾನು ವಿಜ್ಞಾನ ಕಲಿಸುವ ಮೇಷ್ಟ್ರು. ಮನೆ ರಾಯಚೂರಿನಲ್ಲಿ, ಶಾಲೆ ಜಾಲಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ. ದೇವದುರ್ಗದಲ್ಲಿ ಒಮ್ಮೆ, ಜಾಲಹಳ್ಳಿಯಲ್ಲಿ ಇನ್ನೊಮ್ಮೆ ಬಸ್ಸು ಬದಲಿಸಿ ಓಡಾಡುತ್ತಾ ಹನ್ನೊಂದು ವರ್ಷವಾಯಿತು.

ಮೂರು ವರ್ಷದ ಹಿಂದೆ ನಮ್ಮ ಮನೆಯಿಂದ ಪ್ಲಾಸ್ಟಿಕ್ ಹೊರಗೆ ಹಾಕಬೇಕೆಂದು ಹಟ ಹಿಡಿದೆ. ಹೆಂಡತಿ ಹಳೆಯ ಸೀರೆಗಳನ್ನು ಕತ್ತರಿಸಿ ಸಂತೆಚೀಲ ಹೊಲಿದಳು. ಮೊಸರಿಗೆ ಸ್ಟೀಲಿನ ಡಬ್ಬಿ, ಮಟನ್ನಿಗೆ ಮುಚ್ಚಳದ ಪಾತ್ರೆ, ನೀರಿಗೆ ತಾಮ್ರದ ತಂಬಿಗೆ ಬಂದವು. ತೊಳೆಯುವುದು, ಒಣಗಿಸುವುದು, ನೆನಪಿಟ್ಟು ಒಯ್ಯುವುದು ಎಲ್ಲ ಅವಳ ಕೆಲಸ. ಮಾತು ಮಾತ್ರ ನನ್ನದು. ಶಾಲೆಯಲ್ಲಿ ಭಾಷಣ ಮಾಡುತ್ತಿದ್ದೆ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದೆ. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಕೈಯಲ್ಲಿದ್ದ ಕ್ಯಾರಿಬ್ಯಾಗನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬುದ್ಧಿ ಹೇಳಿದ್ದೆ. ಆಕೆ ತಲೆ ತಗ್ಗಿಸಿದಳು. ನಾನು ದೊಡ್ಡ ಕೆಲಸ ಮಾಡಿದೆನೆಂದು ಬೀಗುತ್ತಾ ಮನೆಗೆ ಬಂದೆ.

ಜಾಲಹಳ್ಳಿಯಲ್ಲಿ ನಾನು ಬಸ್ಸಿಗೆ ಕಾಯುವ ಕಡೆ, ಬೇವಿನ ಗಿಡದ ಕೆಳಗೆ, ಒಬ್ಬ ಮುದುಕಿ ಮುತ್ತಲ ಎಲೆ ಹಚ್ಚುತ್ತಾ ಕೂತಿರುತ್ತಿದ್ದಳು. ಎಲೆಯ ಮೇಲೆ ಎಲೆ ಇಟ್ಟು, ಸಣ್ಣ ಕಡ್ಡಿ ಚುಚ್ಚಿ, ಊಟದ ಎಲೆ ಮಾಡುವುದು ಅವಳ ಕಸುಬು. ಮೊದಲು ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಅವಳೇ ಕೊಡುತ್ತಿದ್ದಳಂತೆ. ಈಗ ಪೂಜೆಗೆಂದು ನಾಲ್ಕೈದು ಒಯ್ಯುವವರಷ್ಟೇ ಉಳಿದಿದ್ದರು.

ಬಸುರಿ ಮಗಳ ಕುಬಸದ ದಿನ ಗೊತ್ತಾದಾಗ ನಾನು ಅವಳಿಗೆ ಮುನ್ನೂರು ಎಲೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಖರೇನ ಬೇಕೇನ್ರಿ ಸರ? ಆಮ್ಯಾಲ ಬ್ಯಾಡ ಅನ್ನಬ್ಯಾಡ್ರಿ."

ನಾನು ಅವಳಿಗೂ ಒಂದು ಭಾಷಣ ಮಾಡಿದೆ. ಮರುದಿನದಿಂದಲೇ ಅವಳು ಎಲೆ ತರಲು ಹೋಗತೊಡಗಿದಳು. ನಾನು ಬಸ್ಸಿಳಿದಾಗೆಲ್ಲ ಎಷ್ಟಾಯಿತೆಂದು ತಾನಾಗಿ ಹೇಳುತ್ತಿದ್ದಳು.

ಕಾರ್ಯಕ್ಕೆ ಎರಡು ದಿನ ಇದ್ದಾಗ ಮಾನ್ವಿಯಿಂದ ಬೀಗರು ಫೋನು ಮಾಡಿದರು. ಎಷ್ಟು ಮಂದಿ ಬರುತ್ತಾರೆ, ಯಾವ ಗಾಡಿಯಲ್ಲಿ ಬರುತ್ತಾರೆ ಎಂದೆಲ್ಲ ಹೇಳಿ, ಕೊನೆಗೆ ನಗುತ್ತಾ ಎಲೆಯಲ್ಲಿ ಊಟ ಅಂತಲ್ಲ, ಸಾರು ಸೋರಿ ನಮ್ಮ ಮಂದಿಯ ಧೋತರ ಹಾಳಾಗೀತು ಎಂದರು. ಅಷ್ಟೇ. ನಾನೂ ನಕ್ಕೆ. "ಛೇ, ಅದೇನಿಲ್ರಿ, ಪ್ಲೇಟು ತರಿಸೀವಿ" ಎಂದುಬಿಟ್ಟೆ. ಆ ಮಾತು ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿದಿಲ್ಲ. ಸಂಜೆಯೇ ಹೋಗಿ ಬೆಳ್ಳಿ ಬಣ್ಣದ ಪ್ಲೇಟು, ಪ್ಲಾಸ್ಟಿಕ್ ಗ್ಲಾಸು, ಸಣ್ಣ ನೀರಿನ ಬಾಟಲಿಗಳ ಕಟ್ಟು ತಂದೆ. ಹೆಂಡತಿ ಅವನ್ನು ನೋಡಿ, ಆ ಮುದುಕಿಗೆ ಏನು ಹೇಳುತ್ತೀರಿ ಎಂದು ಮಾತ್ರ ಕೇಳಿದಳು. ಹೇಳಿ ಕಳಿಸುತ್ತೇನೆ ಎಂದೆ. ದಿನಾ ಆ ಕಡೆ ಹೋಗುವ ಕಂಡಕ್ಟರು ಪರಿಚಯದವರು, ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಮುದುಕಿ ಬರಲಿಕ್ಕಿಲ್ಲ ಎಂದು ಸುಮ್ಮನೆ ನಂಬಿಕೊಂಡೆ.

ಕಾರ್ಯದ ದಿನ ಅವಳು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ಎಲೆಗಳು ಒಣಗಬಾರದೆಂದು ನೀರು ಚಿಮುಕಿಸಿ, ಹಳೆ ಸೀರೆಯಲ್ಲಿ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಕೇಳುತ್ತಾ ಕೇಳುತ್ತಾ ನಮ್ಮ ಓಣಿ ಹುಡುಕಿಕೊಂಡು ಬಂದಿದ್ದಳು. ಪೆಂಡಾಲಿನ ಬಾಯಲ್ಲಿ ಬೆಳ್ಳಿ ಪ್ಲೇಟುಗಳ ರಾಶಿ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಪಕ್ಕದಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ತರರು ನಿಂತಿದ್ದರು.

"ತಡಾ ಮಾಡಿದೆಲ್ಲ ಯವ್ವಾ," ಎಂದೆ. "ನೀ ಬರೂದಿಲ್ಲೇನೋ ಅಂತ ಇವನ್ನ ತರಿಸಿದ್ವಿ."

ಒಲೆಯ ಮೇಲೆ ಅನ್ನದ ನೀರು ಇನ್ನೂ ಕುದಿಯುತ್ತಿತ್ತು. ಬೀಗರ ಗಾಡಿ ಮಾನ್ವಿ ಬಿಟ್ಟಿತ್ತೋ ಇಲ್ಲವೋ.

"ಹೌದೇನ್ರಿ," ಎಂದಳು. "ತಪ್ಪಾತ್ರಿ ಸರ."

ಗಂಟನ್ನು ಮಾಳಿಗೆಗೆ ಒಯ್ದಿಡಲು ಪೆಂಡಾಲಿನ ಹುಡುಗನಿಗೆ ಹೇಳಿದೆ, ಯಾರ ಕಣ್ಣಿಗೂ ಬೀಳಬಾರದೆಂದು. ಹೇಳಿದಷ್ಟು ದುಡ್ಡು ಕೊಟ್ಟೆ. ಅದರಿಂದ ನನ್ನ ಎದೆ ಹಗುರಾಗಲಿಲ್ಲ. ಹೆಂಡತಿ ಅವಳನ್ನು ಕೈ ಹಿಡಿದು ಕರೆತಂದು ಮೊದಲ ಪಂಕ್ತಿಯಲ್ಲೇ ಕೂಡಿಸಿದಳು. ಅವಳು ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ ಎಲ್ಲವನ್ನೂ ಆ ಬೆಳ್ಳಿ ಪ್ಲೇಟಿನಲ್ಲಿ ಉಂಡಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಪ್ಲೇಟನ್ನೂ ಬಾಟಲಿಯನ್ನೂ ತೊಳೆದು, ನೀರು ಝಾಡಿಸಿ, ಕೈಚೀಲದಲ್ಲಿ ಇಟ್ಟುಕೊಂಡಳು. ಒಮ್ಮೆ ಉಂಡು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಹೆಡ್‌ಮಾಸ್ತರರು ಅದನ್ನು ನೋಡಿದರು.

ಸಂಜೆ ಗಾಳಿ ಎದ್ದು ಗ್ಲಾಸುಗಳು ಓಣಿ ತುಂಬ ಉರುಳಾಡಿದವು. ಮಾರ್ಕೆಟ್ಟಿನಲ್ಲಿ ನಾನು ಬುದ್ಧಿ ಹೇಳಿದ್ದ ಹೆಣ್ಣುಮಗಳ ಬಾಗಿಲಿಗೂ ಹೋಗಿದ್ದವು. ಆಕೆಯೇ ಅವನ್ನು ಆರಿಸಿ ನಮ್ಮ ಗೇಟಿನ ಹತ್ತಿರ ಗುಡ್ಡೆ ಹಾಕಿ ಹೋದಳು. ಮಾಳಿಗೆಯ ಮೇಲಿನ ಎಲೆಗಳು ನಾಲ್ಕೇ ದಿನದ ಬಿಸಿಲಿಗೆ ಹಪ್ಪಳದಂತೆ ಮುರಿದವು.

ಮುಂದೆ ಒಂದು ತಿಂಗಳು ನಾನು ಜಾಲಹಳ್ಳಿಯಲ್ಲಿ ಬೇವಿನ ಗಿಡದ ಕಡೆ ಹೋಗಲಿಲ್ಲ. ಚಹಾದಂಗಡಿಯ ಹಿಂದೆ ನಿಂತು ಬಸ್ಸು ಹತ್ತುತ್ತಿದ್ದೆ. ಮಗಳಿಗೆ ಹೆಣ್ಣು ಮಗು ಹುಟ್ಟಿದ ಮೇಲೆ, ನಾಮಕರಣದ ಮಾತು ಬಂದಾಗ, ಇನ್ನು ತಡೆಯಲಾಗದೆ ಹೋಗಿ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತೆ.

"ಯವ್ವಾ, ಅವತ್ತು ನೀ ತಡಾ ಮಾಡಿದ್ದಿಲ್ಲ. ನಾ ಸುಳ್ಳು ಹೇಳಿದೆ."

ಅವಳು ಎಲೆ ಹಚ್ಚುವ ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡ್ರಿ. ಅನ್ನ ಇನ್ನಾ ಒಲಿ ಮ್ಯಾಲ ಇತ್ತು. ನಾಕು ಮಂದ್ಯಾಗ ನಿಮ್ಮ ಮಾತು ಯಾಕ ತೆಗೀಬೇಕಂತ ಸುಮ್ನಾದೆ."

ನನ್ನ ಮಾನ ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು. ನಾನು ಓಣಿಯ ಆ ಹೆಣ್ಣುಮಗಳಿಗೆ ಮಾಡಿದ್ದೇನು, ಇವಳು ನನಗೆ ಮಾಡಿದ್ದೇನು ಎಂದು ನೆನೆದು ತಲೆ ಎತ್ತಲಾಗಲಿಲ್ಲ. ನಾಮಕರಣಕ್ಕೆ ಎಲೆ ಬೇಕು ಎಂದೆ.

"ಮದ್ಲ ಬೀಗರ್ನ ಕೇಳ್ರಿ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಬೀಗರಿಗೆ ಫೋನು ಮಾಡಿದೆ. ಎಲೆಯಲ್ಲೇ ಊಟ, ಸಾರು ಸೋರಿದರೆ ಧೋತರ ನಾನೇ ಒಗೆಸಿಕೊಡುತ್ತೇನೆ ಎಂದೆ. ಅವರಿಗೆ ಆಶ್ಚರ್ಯವಾಯಿತು. ಅವತ್ತು ತಾವು ತಮಾಷೆಗೆ ಅಂದಿದ್ದು, ತಮ್ಮ ಮನೆಯಲ್ಲೂ ಮೊದಲು ಎಲೆಯೇ ಇತ್ತು, ನೀವು ಯಾಕೆ ಬದಲಿಸಿದಿರೋ ತಿಳಿಯಲಿಲ್ಲ ಎಂದರು. ನನ್ನನ್ನು ಯಾರೂ ಒತ್ತಾಯ ಮಾಡಿರಲೇ ಇಲ್ಲ.

ನಾಮಕರಣದ ದಿನ ಬಸ್ ಸ್ಟ್ಯಾಂಡಿಗೆ ನಾನೇ ಹೋಗಿ ಮುದುಕಿಯನ್ನು ಕರೆದುಕೊಂಡು, ಗಂಟು ಹೊತ್ತು ತಂದೆ. ಸಾರು ಸೋರಲಿಲ್ಲ. ಪಂಕ್ತಿಯಲ್ಲಿ ಬೀಗರು ಎಲೆಯ ಅಂಚು ಮುಟ್ಟಿ ನೋಡಿ ಇವನ್ನು ಯಾರು ಹಚ್ಚಿದರು ಎಂದು ಕೇಳಿದರು. ನಾನು ಅವಳನ್ನು ತೋರಿಸಿ, ಕುಬಸದ ಎಲೆಗಳ ಕಥೆ ಶುರುಮಾಡಿದೆ. ನಾನು ಸುಳ್ಳು ಹೇಳಿದ ಜಾಗ ಬಂದಾಗ ನಾಲಗೆ ತಡವರಿಸಿತು. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕ್ರಪ್ಪ ಎಂದು ಬಡಿಸುವವರನ್ನು ಕೂಗಿ ಮಾತು ತೇಲಿಸಿಬಿಟ್ಟೆ. ಅದನ್ನು ಪೂರ್ತಿ ಹೇಳುತ್ತಿರುವುದು ಇದೇ ಮೊದಲು.