ಮಾತು ಮುಗಿದ ಕೂಡಲೇ ಲೈನ್ ಕಡಿಯುತ್ತಿದ್ದ ಎರಾಸ್ಮೊ

ಎರಾಸ್ಮೊ ಪುಪೊ ಹೋದ ಮಂಗಳವಾರ ಸಂಜೆ ಉರುಗ್ವೆಯ ಮಾಂಟೆವಿಡಿಯೊದ ತನ್ನ ಕೋಣೆಯಲ್ಲಿ ತೀರಿಕೊಂಡ. ಐವತ್ತೆರಡು ವರ್ಷ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಬುಧವಾರ ಬೆಳಿಗ್ಗೆ ಕಾಫಿಗೆ ಕರೆಯಲು ಹೋದ ನಾನೇ ಮೊದಲು ನೋಡಿದೆ. ಹವಾನಾದಲ್ಲಿರುವ ಅವನ ಅಕ್ಕನಿಗೆ ಫೋನ್ ಮಾಡಿದವನೂ ನಾನೇ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಸರಿ ಮೇಷ್ಟ್ರೇ, ಇಡ್ತೀನಿ" ಎಂದು ಇಟ್ಟುಬಿಟ್ಟಳು. ಇಲ್ಲಿನವರು ಕೇಳಿದ್ದರೆ ಕಲ್ಲುಮನಸ್ಸು ಅನ್ನುತ್ತಿದ್ದರು. ನಮ್ಮ ಕ್ಯೂಬಾದವರು ಫೋನಿನಲ್ಲಿ ಅಳುವುದಿಲ್ಲ, ಇಟ್ಟಮೇಲೆ ಅಳುತ್ತಾರೆ.

ನಾವಿಬ್ಬರೂ ಪರಿಚಯವಾದದ್ದು ಆರು ವರ್ಷದ ಹಿಂದೆ, ಬಂದರಿನ ಹತ್ತಿರದ ಹಳೇ ಊರಿನಲ್ಲಿ, ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುವ ಒಂದು ಮನೆಯಲ್ಲಿ. ಹನ್ನೊಂದು ಕೋಣೆ, ಎರಡು ಬಚ್ಚಲು, ಒಂದು ಅಡುಗೆಮನೆ. ಯಜಮಾನಿ ದೋನ್ಯಾ ಮಿರ್ತಾ ಒಬ್ಬಳನ್ನು ಬಿಟ್ಟರೆ ಎಲ್ಲರೂ ಕ್ಯೂಬಾದವರೇ, ಎಲ್ಲರೂ ಒಂದೇ ದಾರಿ ಹಿಡಿದು ಬಂದವರು: ಗಯಾನಾದವರೆಗೆ ವಿಮಾನ, ಆಮೇಲೆ ಬ್ರೆಜಿಲ್ ಉದ್ದಕ್ಕೂ ಬಸ್ಸು, ಕೊನೆಗೆ ರಿವೇರಾ ಎಂಬ ಊರಿನಲ್ಲಿ ಒಂದು ರಸ್ತೆ ದಾಟಿದರೆ ಉರುಗ್ವೆ. ನಾನು ಹವಾನಾದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನು. ಇಲ್ಲಿ ಸೂಪರ್ ಮಾರ್ಕೆಟ್ಟೊಂದರ ಬಾಗಿಲಲ್ಲಿ ನಿಂತು ಯಾರೂ ಶಾಂಪೂ ಕದಿಯದಂತೆ ಕಾಯುತ್ತಿದ್ದೆ. ನನ್ನ ಪದವಿ ಪತ್ರ ಹವಾನಾದಲ್ಲಿ ತಂಗಿಯ ಹಾಸಿಗೆಯ ಅಡಿಯಲ್ಲಿತ್ತು. ನಾಲ್ಕು ಕಚೇರಿಗಳ ಮುದ್ರೆ ಬೀಳುವವರೆಗೆ ಇಲ್ಲಿ ಅದಕ್ಕೆ ಬೆಲೆಯಿಲ್ಲ.

ಎರಾಸ್ಮೊನಿಗೆ ಆ ತಾಪತ್ರಯ ಇರಲಿಲ್ಲ. ಅವನು ಓದಿದ್ದು ಒಂಬತ್ತನೇ ತರಗತಿ, ಆಮೇಲೆ ಆರು ತಿಂಗಳ ಅಡುಗೆ ಕೋರ್ಸು.

"ಏನ್ ಮೇಷ್ಟ್ರೇ, ನಿಮ್ ಡಿಗ್ರಿ ಎದ್ದಿದ್ಯಾ, ಇನ್ನೂ ಮಲಗೇ ಇದ್ಯಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ಮಲಗಿದೆ ಕಣೋ. ನಿಂದು?"

"ನಂದು ಹುಟ್ಟೇ ಇಲ್ವಲ್ಲ. ಏಳಿಸೋ ಕಷ್ಟಾನೂ ಇಲ್ಲ."

ಆದರೆ ಅವನಿಗೆ ಬೇರೊಂದು ವಿದ್ಯೆ ಗೊತ್ತಿತ್ತು. ಆಗೆಲ್ಲ ಹವಾನಾದ ಮನೆಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಹುಡುಗರು ಸೇರಿ ತಾರಸಿಯಿಂದ ತಾರಸಿಗೆ ಕೇಬಲ್ ಎಳೆದು ಮನೆಮನೆಯ ಕಂಪ್ಯೂಟರುಗಳನ್ನು ತಮ್ಮತಮ್ಮಲ್ಲೇ ಜೋಡಿಸಿಕೊಂಡಿದ್ದರು, ಆಟಕ್ಕೆ, ಹರಟೆಗೆ, ಹಾಡು ಹಂಚಿಕೊಳ್ಳುವುದಕ್ಕೆ. ಲಾಟನ್ ಬಡಾವಣೆಯ ಇನ್ನೂರು ಮನೆಗಳ ಜಾಲ ಎರಾಸ್ಮೊನ ಉಸ್ತುವಾರಿಯಲ್ಲಿತ್ತು. ತಾರಸಿಯ ಮೇಲೆ ಕೇಬಲ್ ಹಾಯಲು ಬಿಡಬೇಕಾದರೆ ಪ್ರತಿ ಮನೆಯವರಿಗೂ ಏನಾದರೊಂದು ಉಪಕಾರ ಆಗಬೇಕು. ಒಬ್ಬಳು ಅಜ್ಜಿ ತನ್ನ ನೀರಿನ ಟ್ಯಾಂಕಿನ ಮೇಲೆ ಹಾಯಿಸಿಕೊಳ್ಳಲು ಒಪ್ಪಿದ್ದು, ಹೊಸ ಧಾರಾವಾಹಿಗಳನ್ನು ಎಲ್ಲರಿಗಿಂತ ಮೊದಲು ತನಗೇ ತಂದುಕೊಡಬೇಕೆಂಬ ಷರತ್ತಿನ ಮೇಲೆ. ಆ ಧಾರಾವಾಹಿಗಳು ವಾರಕ್ಕೊಮ್ಮೆ ಹಾರ್ಡ್ ಡಿಸ್ಕ್ ಹೊತ್ತು ಮನೆಮನೆಗೆ ಬರುವವನ ಹತ್ತಿರ ಸಿಗುತ್ತಿದ್ದವು. ಅದೇ ಡಿಸ್ಕಿನ ಒಂದು ಮೂಲೆಯಲ್ಲಿ, ಯಾರೂ ತೆರೆಯದ ಒಂದು ಫೋಲ್ಡರಿನಲ್ಲಿ, ಪ್ರೋಗ್ರಾಮಿಂಗ್ ಪಾಠಗಳಿರುತ್ತಿದ್ದವು. ಅಜ್ಜಿಗೆ ಧಾರಾವಾಹಿ ಇಳಿಸಿಕೊಡುತ್ತ ಎರಾಸ್ಮೊ ಪಾಠಗಳನ್ನು ಇಳಿಸಿಕೊಂಡ. ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಆರು ವರ್ಷ ಓದಿದ.

ಬಟ್ಟೆ ಒಣಹಾಕುವವರ ಕೈಗೆ ಸಿಕ್ಕಿಯೋ ಬಿರುಗಾಳಿಗೋ ಕೇಬಲ್ ಆಗಾಗ ತುಂಡಾಗುತ್ತಿತ್ತು. ಅದಕ್ಕಾಗಿ ಅವನೊಂದು ಪುಟ್ಟ ಪ್ರೋಗ್ರಾಮ್ ಬರೆದ. ದಾರಿ ಕಡಿದಾಗ ಸಂದೇಶಗಳು ಕಳೆದುಹೋಗದೆ, ಎಲ್ಲಿಯವರೆಗೆ ಬಂದಿದ್ದವೋ ಆ ಮನೆಯಲ್ಲೇ ಕೂತು ಕಾಯುತ್ತಿದ್ದವು. ಕೇಬಲ್ ಸರಿಹೋದ ಕೂಡಲೇ ಮುಂದೆ ಹೊರಡುತ್ತಿದ್ದವು. "ಮಳೆ ಬಂದ್ರೆ ನೆಂಟ್ರು ಜಗಲೀಲಿ ಕೂರಲ್ವಾ, ಹಂಗೇ" ಎಂದು ನನಗೆ ವಿವರಿಸಿದ್ದ.

ಮಾಂಟೆವಿಡಿಯೊದಲ್ಲಿ ಅವನಿಗೆ ಸಿಕ್ಕಿದ್ದು ಬಂದರಿನಲ್ಲಿ ಮೀನು ಹಸನು ಮಾಡುವ ಕೆಲಸ. ದಿನವೆಲ್ಲ ಕೈ ಐಸು ನೀರಿನಲ್ಲಿ. ಎರಡನೇ ಚಳಿಗಾಲಕ್ಕೆ ಬೆರಳ ತುದಿಗಳಿಗೆ ಜೋಮು ಹಿಡಿಯಿತು. ಒಂದು ಸಂಜೆ ನನ್ನ ಕೋಣೆಯ ರೇಡಿಯೊ ರಿಪೇರಿಗೆ ಕೂತವನು ಸಣ್ಣ ಸ್ಕ್ರೂ ಎತ್ತಿಕೊಳ್ಳಲಾಗದೆ ನಾಲ್ಕು ಸಲ ಬೀಳಿಸಿದ. ಐದನೆಯ ಸಲ ಎತ್ತಲಿಲ್ಲ.

"ಮೇಷ್ಟ್ರೇ, ಇನ್ನೊಂದು ಚಳಿಗಾಲ ಅಲ್ಲೇ ಇದ್ರೆ ಈ ಕೈ ಮೀನಿಗೂ ಬೇಡ, ಕೇಬಲ್‌ಗೂ ಬೇಡ ಅನ್ನೋ ಹಂಗಾಗತ್ತೆ" ಎಂದ.

ಅದು ಮಾರ್ಚ್ ತಿಂಗಳು. ಇಲ್ಲಿ ಚಳಿ ಜೂನ್‌ಗೆ ಶುರುವಾಗುತ್ತದೆ. ಅಷ್ಟರೊಳಗೆ ತನಗೆ ಗೊತ್ತಿರುವ ಕೆಲಸವನ್ನು ಹುಡುಕಿಕೊಳ್ಳಬೇಕು. ಸಾಫ್ಟ್‌ವೇರ್ ಕಂಪನಿಗಳು ಊರ ತುಂಬ ಇದ್ದವು. ಅರ್ಜಿಯಲ್ಲಿ ಪದವಿ ಎಂದಿರುವ ಕಡೆ 'ಇಲ್ಲ' ಎಂದು ಬರೆದ. ಮೇಲಿನ ಮಹಡಿಯವನೊಬ್ಬ ಸುಳ್ಳು ಪದವಿ ಪತ್ರ ಮಾಡಿಸಿಕೊಡುತ್ತೇನೆ ಎಂದು ಮಾದರಿಯೊಂದನ್ನು ಹಿಡಿದು ಬಂದಿದ್ದ. ಎರಾಸ್ಮೊ ಆ ಮಾದರಿಯನ್ನು ಬೆಳಕಿಗೆ ಹಿಡಿದು ನೋಡಿ, "ಸೀಲು ಚೆನ್ನಾಗಿದೆ. ಆದ್ರೆ ಒಳಗೆ ಕರೆದು ಕೇಳಿದ್ರೆ ಸೀಲು ಮಾತಾಡತ್ತಾ?" ಎಂದು ಹಿಂದಿರುಗಿಸಿದ.

ಏಪ್ರಿಲ್‌ನಲ್ಲಿ ಮೊದಲ ಸಂದರ್ಶನ ಬಂತು, ಕಂಪ್ಯೂಟರಿನಲ್ಲೇ, ಮುಖ ನೋಡಿಕೊಂಡು. ಅವನ ಕೋಣೆಯ ಮಂಚದ ಮೇಲೆ ಕೂತು ನಾನೂ ಕೇಳುತ್ತಿದ್ದೆ. ಅವರು ಪ್ರಶ್ನೆ ಕೇಳಿದರು. ಎರಾಸ್ಮೊ ಚುಟುಕಾಗಿ, ಸ್ಪಷ್ಟವಾಗಿ ಉತ್ತರ ಹೇಳಿದ. ಹೇಳಿ ಮುಗಿಸಿದವನೇ ಗುಂಡಿ ಒತ್ತಿ ಲೈನ್ ಕಡಿದ.

"ಹೆಂಗಿತ್ತು?" ಎಂದ.

"ಚೆನ್ನಾಗಿತ್ತು ಕಣೋ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ" ಎಂದೆ. ಮನಸ್ಸಿನಿಂದಲೇ ಹೇಳಿದ್ದೆ.

ಆ ಹೊತ್ತಿಗೆ ದೋನ್ಯಾ ಮಿರ್ತಾ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಕುಡಿಯುವ ಸೋರೆಬುರುಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದಿನವಿಡೀ ಆ ಕಹಿ ಸೊಪ್ಪಿನ ನೀರು ಹೀರುತ್ತ ಓಡಾಡುವುದು ಅವಳ ಪದ್ಧತಿ.

"ಏನಪ್ಪಾ, ಯಾರ್ ಮುಖದ ಮೇಲೆ ಬಾಗಿಲು ಹಾಕ್ದೆ?"

"ಬಾಗಿಲಾ? ಕೆಲಸದ ಸಂದರ್ಶನ, ದೋನ್ಯಾ. ಮುಗೀತು."

"ಮುಗೀತು ಅಂತ ಅವ್ರು ಹೇಳಿದ್ರಾ?"

ಅವರು ಹೇಳಿರಲಿಲ್ಲ. ಹಾಗೆ ಹೇಳುವುದೊಂದಿರುತ್ತದೆ ಎಂಬುದೇ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹವಾನಾದಲ್ಲಿ ಇಂಟರ್ನೆಟ್ ಬೇಕೆಂದರೆ ಪಾರ್ಕಿಗೆ ಹೋಗಬೇಕಿತ್ತು. ಗಂಟೆಯ ಲೆಕ್ಕದ ಕಾರ್ಡು ಕೊಂಡು, ಹೇಳಬೇಕಾದ್ದನ್ನೆಲ್ಲ ಮನೆಯಲ್ಲೇ ಬರೆದಿಟ್ಟುಕೊಂಡು, ಕಲ್ಲುಬೆಂಚಿನ ಮೇಲೆ ಕೂತು ಲೈನ್ ಹಾಕಿ, ಎಲ್ಲವನ್ನೂ ಒಟ್ಟಿಗೆ ಕಳಿಸಿ, ತಕ್ಷಣ ಕಡಿಯುವುದು. ಪ್ರೀತಿ, ಜಗಳ, ಮದುವೆ ಮಾತುಕತೆ ಎಲ್ಲ ನಡೆದದ್ದು ಹೀಗೇ. ನಮ್ಮಪ್ಪ ಹೋದಾಗ ಮಯಾಮಿಯಲ್ಲಿದ್ದ ಅಣ್ಣನ ಜೊತೆ ನಾನು ಮಾತಾಡಿದ್ದು ಎರಡು ನಿಮಿಷ. ಸುಮ್ಮನಿದ್ದರೂ ಕಾರ್ಡು ಕರಗುತ್ತದೆ. ಮಾತು ಮುಗಿದ ಮೇಲೆ ಲೈನ್ ಹಿಡಿದು ಕೂರುವವನು ನಮ್ಮಲ್ಲಿ ದುಂದುಗಾರ. ಇಲ್ಲಿ ಕಡಿಯುವವನು ಒರಟ.

ಆ ಕಂಪನಿಯವರು ಮತ್ತೆ ಕರೆಯಲಿಲ್ಲ. ಮೇ ತಿಂಗಳಲ್ಲಿ ಎರಡನೆಯ ಸಂದರ್ಶನ. 'ಕಡೀಬೇಡ' ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಪರದೆಯ ಅಂಚಿಗೆ ಅಂಟಿಸಿಕೊಂಡ. ಮೂರು ಪ್ರಶ್ನೆ ನೆಟ್ಟಗೆ ದಾಟಿದ. ನಾಲ್ಕನೆಯ ಉತ್ತರ ಮುಗಿದಾಗ ಆ ಕಡೆಯವರು ಏನೋ ಬರೆದುಕೊಳ್ಳುತ್ತ ಒಂದು ಕ್ಷಣ ಸುಮ್ಮನಾದರು. ಆ ಮೌನ ಅವನ ಬೆರಳಿಗೆ ತಡೆಯಲಾಗಲಿಲ್ಲ. ಚೀಟಿ ನೋಡುತ್ತಲೇ ಕಡಿದ.

"ನೋಡಿ ಮೇಷ್ಟ್ರೇ" ಎಂದು ಆ ಬೆರಳನ್ನು ನನ್ನ ಮುಂದೆ ಹಿಡಿದ. "ಸ್ಕ್ರೂ ಎತ್ತು ಅಂದ್ರೆ ಎತ್ತಲ್ಲ. ಇದನ್ನ ಮಾತ್ರ ಮರೀಲಿಲ್ಲ."

ಮೂರನೆಯದು ಜೂನ್ ಮೊದಲ ವಾರ. ಹೊರಗೆ ಮಳೆ. ಮಳೆ ಬಂದರೆ ಇಲ್ಲಿನವರು ಹಿಟ್ಟು ತಟ್ಟಿ ಎಣ್ಣೆಯಲ್ಲಿ ಕರಿಯಲೇಬೇಕು. ದೋನ್ಯಾ ಮಿರ್ತಾಳ ಬಾಣಲೆಯ ವಾಸನೆ ಮೂರು ಮಹಡಿಗೂ ಏರಿತ್ತು. ಈ ಸಲ ನಾನು ಅವನ ಪಕ್ಕದಲ್ಲಿ, ಪರದೆಗೆ ಕಾಣದಂತೆ ಕೂತು, ಅವನ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಂದರ್ಶನ ಮಾಡುತ್ತಿದ್ದವಳು ಸಿಲ್ವಾನಾ ಎಂಬ ನಲವತ್ತರ ಹೆಂಗಸು. ಎರಡು ಪ್ರಶ್ನೆ ಕೇಳಿದಳು. ಎರಡು ಸಲವೂ ಉತ್ತರ ಮುಗಿದ ಕೂಡಲೇ ಕೈ ಎಗರಿತು, ನಾನು ಎಳೆದುಕೊಂಡೆ.

"ಕ್ಷಮಿಸಿ" ಎಂದಳು ಆಕೆ. "ನಿಮ್ಮ ಕೈ ಹಿಡ್ಕೊಂಡಿರೋದು ಯಾರು?"

ಎರಾಸ್ಮೊ ನನ್ನ ಕಡೆ ನೋಡಿದ. ಆಮೇಲೆ ಅವಳ ಕಡೆ.

"ನಮ್ಮ ಮೇಷ್ಟ್ರು, ಮೇಡಂ. ನಾನು ಲೈನ್ ಕಡೀದೇ ಇರ್ಲಿ ಅಂತ."

"ಯಾಕೆ ಕಡೀತೀರಿ?"

ಅವನು ಪಾರ್ಕಿನ ಕಥೆ ಹೇಳಿದ. ಅಲ್ಲಿಂದ ತಾರಸಿಗೆ ಹೋದ, ನೀರಿನ ಟ್ಯಾಂಕಿನ ಅಜ್ಜಿಯನ್ನು ತಂದ. ಸಿಲ್ವಾನಾ ನಕ್ಕಳು. ಜಗಲಿಯಲ್ಲಿ ಕೂತು ಕಾಯುವ ಸಂದೇಶಗಳ ವಿಷಯ ಬಂದಾಗ ಅವಳ ನಗು ನಿಂತಿತು. ಪೆನ್ನು ಕೆಳಗಿಟ್ಟಳು.

"ಅದನ್ನ ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಅವರ ಕಂಪನಿ ಹಳ್ಳಿಗಾಡಿನ ಹೈನುಗಾರರಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಯಾವ ಹಸು ಎಷ್ಟು ಹಾಲು ಕೊಟ್ಟಿತು, ಯಾವುದಕ್ಕೆ ಕೆಚ್ಚಲು ಬಾವು ಎಂದು ಹಾಲು ಕರೆಯುವವರು ಕೊಟ್ಟಿಗೆಯಲ್ಲೇ ಫೋನಿನಲ್ಲಿ ಬರೆದುಕೊಳ್ಳಬೇಕು. ಕೊಟ್ಟಿಗೆಗಳಲ್ಲಿ ಸಿಗ್ನಲ್ ಇಲ್ಲ. ಬರೆದದ್ದೆಲ್ಲ ಮಾಯವಾಗುತ್ತಿತ್ತು. ಡಿಗ್ರಿ ಇದ್ದ ಹುಡುಗರು ಇಂಟರ್ನೆಟ್ ಇಲ್ಲದ ಒಂದು ದಿನವನ್ನೂ ಕಂಡವರಲ್ಲ. ಅದು ಇದ್ದೇ ಇರುತ್ತದೆ ಎಂದುಕೊಂಡೇ ಬರೆಯುತ್ತಿದ್ದರು.

"ಪದವಿ ಇಲ್ಲ ಅಂತ ಬರ್ದಿದೀರಿ."

"ಅಡುಗೇದು ಒಂದು ಸರ್ಟಿಫಿಕೇಟ್ ಇದೆ, ಮೇಡಂ. ಬೇಕಾದ್ರೆ ತರಿಸ್ತೀನಿ."

"ಬೇಡ. ಸೋಮವಾರ ನೀವೇ ಬನ್ನಿ. ಮೇಷ್ಟ್ರಿಗೆ ಹೇಳಿ, ಈಗ ಕೈ ಬಿಡಬಹುದು."

ನಾನು ಬಿಟ್ಟೆ. ಅವನು ಕಡಿಯಲಿಲ್ಲ. ಅವಳೇ ಮೊದಲು ಇಟ್ಟಳು.

ಆಮೇಲಿನ ನಾಲ್ಕು ವರ್ಷಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, ಒಳ್ಳೆಯ ವರ್ಷಗಳ ಬಗ್ಗೆ ಹೇಳುವುದು ಯಾವಾಗಲೂ ಕಡಿಮೆಯೇ. ಬೆರಳುಗಳು ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಹಿಂದೆ ಬಂದವು. ನನ್ನ ರೇಡಿಯೊ ಸರಿಹೋಯಿತು. ಹೈನುಗಾರರ ಕೊಟ್ಟಿಗೆಗಳಿಗೆ ಅವನೇ ಹೋಗಿ ಬರುತ್ತಿದ್ದ, ಹಸುಗಳಿಗೆ ಹೆದರುತ್ತಿದ್ದ. ನನ್ನ ಪದವಿ ಪತ್ರವೂ ಮೂರನೇ ವರ್ಷ ನಾಲ್ಕು ಮುದ್ರೆ ಹೊತ್ತು ಬಂತು. ಅದನ್ನು ನೋಡಿ, "ಅಂತೂ ಎದ್ರಲ್ಲ ಮಹಾರಾಜರು" ಎಂದ. ಈಗ ನಾನೊಂದು ಸಂಜೆ ಶಾಲೆಯಲ್ಲಿ ಕಲಿಸುತ್ತೇನೆ. ಕೋಣೆ ಬದಲಾಯಿಸುವಷ್ಟು ಸಂಬಳ ಅವನಿಗೆ ಬರುತ್ತಿತ್ತು. ದೋನ್ಯಾ ಮಿರ್ತಾಳ ಮನೆ ಬಿಟ್ಟು ಹೋಗಲಿಲ್ಲ. ಭಾನುವಾರ ಎಲ್ಲರಿಗೂ ಕರಿ ಹುರುಳಿಕಾಯಿ ಬೀಜ ಹಾಕಿ ಅನ್ನ ಮಾಡುತ್ತಿದ್ದ. ಸರ್ಟಿಫಿಕೇಟ್ ದಂಡವಾಗಬಾರದಲ್ಲ ಎನ್ನುತ್ತಿದ್ದ. ಎದೆಯಲ್ಲಿ ಹಿಡಿದ ಹಾಗಾಗುತ್ತದೆ ಎಂದು ಒಂದೆರಡು ಸಲ ಹೇಳಿದ್ದ. ಡಾಕ್ಟರ ಹತ್ತಿರ ಹೋಗು ಎಂದು ನಾನು ಇನ್ನಷ್ಟು ಜೋರಾಗಿ ಹೇಳಬೇಕಿತ್ತು. ಹೇಳಲಿಲ್ಲ.

ಕಳೆದ ವರ್ಷದಿಂದ ಹೊಸಬರನ್ನು ಸಂದರ್ಶನ ಮಾಡುವಾಗ ಸಿಲ್ವಾನಾ ಅವನನ್ನೂ ಕೂರಿಸಿಕೊಳ್ಳುತ್ತಿದ್ದಳು. ಮುಂದಿನದನ್ನು ನನಗೆ ಹೇಳಿದ್ದು ಸ್ಮಶಾನದಲ್ಲಿ, ಸಿಲ್ವಾನಾ ಅರ್ಧ, ಯಿಸೆಲ್ ಎಂಬ ಹುಡುಗಿ ಅರ್ಧ. ಯಿಸೆಲ್ ಕ್ಯೂಬಾದ ಕಮಾಗ್ವೆಯ್ ಕಡೆಯವಳು, ಬಂದು ಮೂರು ತಿಂಗಳು. ಅವಳಿಗೂ ಪದವಿ ಇಲ್ಲ.

ಮಂಗಳವಾರ ಮಧ್ಯಾಹ್ನ ಅವಳ ಸಂದರ್ಶನವಿತ್ತು. ಎರಾಸ್ಮೊ ತನ್ನ ಕೋಣೆಯಿಂದ, ಸಿಲ್ವಾನಾ ಆಫೀಸಿನಿಂದ ಸೇರಿಕೊಂಡಿದ್ದರು. ಹುಡುಗಿ ಮೊದಲ ಪ್ರಶ್ನೆಗೆ ಚುಟುಕಾಗಿ, ಸರಿಯಾಗಿ ಉತ್ತರ ಹೇಳಿ ಮಾಯವಾದಳು. ಸಿಲ್ವಾನಾ ಪಾಪ, ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡಳು.

"ಹೋಗಿಲ್ಲ. ಅವ್ಳೇ ಕಡಿದಿದ್ದು" ಎಂದ ಎರಾಸ್ಮೊ. "ನೀವು ಇನ್ನೊಂದು ಮೀಟಿಂಗ್‌ಗೆ ಹೋಗಿ ಮೇಡಂ. ನಾನು ಕೂತಿರ್ತೀನಿ."

ಯಿಸೆಲ್ ತನ್ನ ಫೋನಿಗೆ ಬಂದ ಸಂದೇಶವನ್ನು ನನಗೆ ತೋರಿಸಿದಳು: 'ಮಗಳೇ, ಇಲ್ಲಿ ಕಾರ್ಡು ಕರಗೋದಿಲ್ಲ. ವಾಪಸ್ ಬಾ. ಲೈನ್ ತೆರೆದಿಟ್ಕೊಂಡಿದೀನಿ.'

ಅವಳು ಅದನ್ನು ನೋಡಿದ್ದು ಅರ್ಧ ಗಂಟೆಯ ಮೇಲೆ. ನಾಚಿಕೆಯಾಗಿ ಮತ್ತೂ ಹತ್ತು ನಿಮಿಷ ಯೋಚಿಸಿದಳಂತೆ. ಕೊನೆಗೆ ಲೈನ್ ಹಾಕಿದಾಗ ಅವನು ಕುರ್ಚಿಯಲ್ಲಿ ಹಾಗೇ ಕೂತಿದ್ದ, ಒಂದು ಕೈಯಿಂದ ಎದೆ ಉಜ್ಜಿಕೊಳ್ಳುತ್ತ. "ಬಂದ್ಯಾ? ಊಟ ಆಯ್ತಾ?" ಎಂದು ಕೇಳಿದ. ಒಂದು ಗಂಟೆ ಮಾತಾಡಿದರು. ಅವಳು ಪ್ರೋಗ್ರಾಮಿಂಗ್ ಕಲಿತದ್ದೂ ವಾರಕ್ಕೊಮ್ಮೆ ಮನೆಗೆ ಬರುವ ಅಂಥದೇ ಡಿಸ್ಕಿನ ಅದೇ ಮೂಲೆಯಿಂದ. ಮಧ್ಯೆ ಮಧ್ಯೆ ಅವನು ಬೇಕೆಂದೇ ಸುಮ್ಮನಾಗುತ್ತಿದ್ದ, ಅವಳಿಗೆ ಅಭ್ಯಾಸವಾಗಲಿ ಎಂದು. ಕೊನೆಯಲ್ಲಿ, "ನಾನ್ ಇಡಲ್ಲ. ನೀನೇ ಇಡು" ಎಂದ. ಅವಳು ಇಟ್ಟಳು. ಆಗ ಗಂಟೆ ಐದೂ ಕಾಲು.

ಐದೂ ಇಪ್ಪತ್ತಕ್ಕೆ ಸಿಲ್ವಾನಾಳಿಗೆ ಅವನ ವರದಿ ಹೋಗಿದೆ. ಪದವಿ ಎಂಬಲ್ಲಿ 'ಕೇಳಲಿಲ್ಲ' ಎಂದಿದೆ. ಕೆಳಗೆ, ಅಭಿಪ್ರಾಯ ಬರೆಯುವ ಜಾಗದಲ್ಲಿ: 'ಒಂದು ಸಲ ಕಡಿದಳು. ತಿರುಗಿ ಬಂದಳು. ತಗೊಳ್ಳಿ.'