ತುಂಬಿದ ಬುತ್ತಿ

ಅಟ್ಟ ಸ್ವಚ್ಛ ಮಾಡುವ ಕೆಲಸಕ್ಕೆ ನನ್ನನ್ನು ಹಚ್ಚಬಾರದೆಂದು ಮನೆಯವರಿಗೆಲ್ಲ ಗೊತ್ತು. ಹತ್ತು ಸಾಮಾನು ಎಸೆಯಲು ಏಣಿ ಹತ್ತಿದವಳು ಒಂದನ್ನೇ ಹಿಡಿದುಕೊಂಡು ಮಧ್ಯಾಹ್ನದವರೆಗೆ ಅಲ್ಲೇ ಕೂತುಬಿಡುತ್ತೇನೆ. ಮೊನ್ನೆ ಭಾನುವಾರವೂ ಅದೇ ಆಯಿತು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಅಟ್ಟದಲ್ಲಿ, ಮುರಿದ ಕೊಡೆಗಳ ಹಿಂದೆ, ಅಪ್ಪನ ಬುತ್ತಿ ಕ್ಯಾರಿಯರ್ ಸಿಕ್ಕಿತು. ಮೂರು ಡಬ್ಬಿಯದು, ಅಲ್ಯೂಮಿನಿಯಂನದು. ಹಿಡಿಕೆಗೆ ಸುತ್ತಿದ ಹಳದಿ ಸೀರೆಯ ಅಂಚಿನ ತುಂಡು ಹಾಗೇ ಇತ್ತು. ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕೆಂಪು ಮೆಣಸಿನಕಾಯಿ ಚಟ್ನಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಅಮ್ಮಾ, ಅದು ಗುಜರಿಗಾ, ಇಟ್ಕೊಳ್ಳೋದಾ?" ಎಂದು ಕೆಳಗಿನಿಂದ ಮಗಳು ಕೂಗಿದಳು. ನಾನು ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡೆ.

ನೋಡಿ, ನಾನು ಮೂವತ್ತು ವರ್ಷದಿಂದ ಶಾಲೆಯಲ್ಲಿ ಇತಿಹಾಸ ಪಾಠ ಹೇಳುತ್ತಿರುವವಳು. ಯಾವ ರಾಜ ಯಾರ ಮೇಲೆ ಯಾಕೆ ದಂಡೆತ್ತಿ ಹೋದ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ನಮ್ಮದೇ ಮನೆಯಲ್ಲಿ ಆ ಒಂದು ವರ್ಷ ಏನು ನಡೆಯಿತು, ಯಾರು ಯಾರಿಗೆ ಸುಳ್ಳು ಹೇಳಿದರು, ಯಾರು ಯಾರನ್ನು ಕಾದರು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಿಮಗೇನಾದರೂ ತಿಳಿದರೆ ಹೇಳಿ, ಪುಣ್ಯ ಬರುತ್ತದೆ.

ಆಗ ಅಪ್ಪ ಹಾಲೇಶಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿದ್ದ. ನಮ್ಮ ಓಣಿಯಿಂದ ಮಿಲ್ಲಿಗೆ ಅರ್ಧ ಗಂಟೆಯ ನಡಿಗೆ. ಬೆಳಿಗ್ಗೆಯೇ ಹೋದ ಗಂಡಸರಿಗೆ ಮಧ್ಯಾಹ್ನದ ಬುತ್ತಿ ಒಯ್ಯುವವಳು ಕರಿಬಸಮ್ಮ. ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತು ಹುಟ್ಟಿದವಳಂತೆ, ಅದಕ್ಕೆ ಆ ಸ್ವಾಮಿಯ ಹೆಸರನ್ನೇ ಇಟ್ಟಿದ್ದರು. ನಸುಕಿನಿಂದ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ದುಡಿದು, ತಲೆಗೂದಲಲ್ಲಿ ಬೂದಿ ಹೊತ್ತುಕೊಂಡೇ ಹನ್ನೊಂದಕ್ಕೆ ಓಣಿಗೆ ಬರುತ್ತಿದ್ದಳು. "ಬುತ್ತಿ ಕೊಡ್ರಕ್ಕಾ" ಎಂಬ ಕೂಗು ಕೇಳಿದರೆ ಹೆಂಗಸರು ಒಲೆಯ ಮುಂದೆ ಗಡಬಡಿಸುತ್ತಿದ್ದರು. ಅವಳಿಗೆ ಓದು ಬರುತ್ತಿರಲಿಲ್ಲ. ಒಂದೊಂದು ಮನೆಯ ಕ್ಯಾರಿಯರ್‌ಗೆ ಒಂದೊಂದು ಬಣ್ಣದ ಬಟ್ಟೆಯ ಚೂರು ಸುತ್ತಿದ್ದಳು. ನಮ್ಮದು ಹಳದಿ. ಮೂವತ್ತು ಬುತ್ತಿಯಲ್ಲಿ ಒಂದೂ ಒಂದು ದಿನವೂ ಅದಲುಬದಲಾಗಲಿಲ್ಲ. ನಾನು ಮಾತ್ರ ಹಾಜರಿ ಪುಸ್ತಕ ಕೈಯಲ್ಲಿ ಹಿಡಿದೂ ಒಂದೇ ತರಗತಿಯ ಇಬ್ಬರು ಕಾವ್ಯರನ್ನು ವರ್ಷವಿಡೀ ಅದಲುಬದಲು ಮಾಡಿದವಳು.

ಮೂರು ಗಂಟೆಗೆ ಅವಳು ಬುಟ್ಟಿ ಹೊತ್ತು ತಿರುಗಿ ಬರುವಾಗ ಖಾಲಿ ಡಬ್ಬಿಗಳು ಖಣಖಣ ಅನ್ನುತ್ತಿದ್ದವು. ಆ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಹೆಂಗಸರು ನಿರಾಳವಾಗಿ ಅಡ್ಡಾಗುತ್ತಿದ್ದರು. ಯಾಕೆಂದರೆ ಸದ್ದು ಮಾಡದ ಡಬ್ಬಿ ಎಂದರೆ ತುಂಬಿದ ಡಬ್ಬಿ. ತುಂಬಿದ ಬುತ್ತಿ ಮನೆಗೆ ಬಂತೆಂದರೆ ಉಣ್ಣಬೇಕಾದವನ ಕೈ ಮಿಷಿನ್ನಿಗೆ ಸಿಕ್ಕಿದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದಾಗಿದೆ ಎಂದೇ ಅರ್ಥ. ಕರಿಬಸಮ್ಮನ ಗಂಡನೂ ಅದೇ ಮಿಲ್ಲಿನವನು. ಅವನ ಬುತ್ತಿ ಅವಳ ಬುಟ್ಟಿಯಲ್ಲೇ ಒಂದು ದಿನ ತುಂಬಿಕೊಂಡು ವಾಪಸ್ ಬಂದಿತ್ತು. ಅವನು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ; ಅವಳ ಕೈಯಲ್ಲೊಂದು ಹೆಣ್ಣು ಕೂಸು. ಹದಿನೈದು ದಿನಕ್ಕೆ ಮತ್ತೆ ಬಾಗಿಲಲ್ಲಿ ನಿಂತು "ಬುತ್ತಿ ಕೊಡ್ರಕ್ಕಾ" ಎಂದಳು. ಅವ್ವ ಅವಳ ಮುಖ ನೋಡಲಾಗದೆ ಬುತ್ತಿಯನ್ನಷ್ಟೇ ನೋಡಿ ಕೊಟ್ಟಳಂತೆ.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮಿಲ್ಲಿಗೆ ಬೀಗ ಬಿತ್ತು. ಶನಿವಾರ ಬಿತ್ತು, ಊರಿಗೆಲ್ಲ ಗೊತ್ತಾಯಿತು. ಸೋಮವಾರ ಹನ್ನೊಂದಕ್ಕೆ ಕರಿಬಸಮ್ಮ ಬಂದಳು. "ಬುತ್ತಿ ಕೊಡ್ರಕ್ಕಾ." ಅವ್ವ ಒಳಗೆ ಹೋಗಿ, ಮೂರು ರೊಟ್ಟಿ, ಪಲ್ಯ, ಚಟ್ನಿ ತುಂಬಿ, ಕ್ಯಾರಿಯರ್ ತಂದು ಕೊಟ್ಟಳು. ಅಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತೇ ಇದ್ದ! ಕಣ್ಣು ಬಿಟ್ಟುಕೊಂಡು ತನ್ನ ಬುತ್ತಿ ಹೋಗುವುದನ್ನು ನೋಡಿದ. ಮೂರು ಗಂಟೆಗೆ ಅದು ಖಣಖಣ ಎಂದು ತೊಳೆದುಕೊಂಡು ಬಂತು.

"ನನ್ನ ಬುತ್ತಿ ಯಾರು ಉಂಡ್ರೇ?" ಎಂದ ಅಪ್ಪ.

"ನನಗೇನು ಗೊತ್ತು? ಖಾಲಿ ಬಂತಲ್ಲ, ಒಳ್ಳೇದಾತು ಬಿಡ್ರಿ" ಎಂದಳು ಅವ್ವ.

ಮಂಗಳವಾರವೂ ಕೊಟ್ಟಳು, ಬುಧವಾರವೂ ಕೊಟ್ಟಳು. ನಮ್ಮ ಮನೆಯೊಂದೇ ಅಲ್ಲ, ಓಣಿಯ ಏಳೆಂಟು ಮನೆಯವರು ಕೊಡುತ್ತಲೇ ಇದ್ದರು. ಕೊಡುವುದನ್ನು ನಿಲ್ಲಿಸಿದರೆ ಮಿಲ್ಲು ನಿಜವಾಗಿ ಮುಚ್ಚಿತು ಎಂದು ಒಪ್ಪಿಕೊಂಡ ಹಾಗೆ ಎಂದು ಹೆದರಿದರೋ, ಪಕ್ಕದವಳು ಕೊಡುತ್ತಾಳೆ ನಾನು ಯಾಕೆ ಬಿಡಲಿ ಎಂದು ಕೊಟ್ಟರೋ, ದೇವರೇ ಬಲ್ಲ. ಯಾರೂ ಯಾರನ್ನೂ ಕೇಳಲಿಲ್ಲ.

ಅಪ್ಪ ಮಾತ್ರ ಮಧ್ಯಾಹ್ನದ ಊಟ ಬಿಟ್ಟ. "ದುಡಿಯೋ ಹೊಟ್ಟೆಗೆ ಬುತ್ತಿ. ಕುಂತ ಹೊಟ್ಟೆಗೆ ಎರಡು ಹೊತ್ತು ಸಾಕು" ಎಂದು ಗೋಡೆಗೆ ಮುಖ ಮಾಡಿದ. ಮಾತೂ ಬಿಟ್ಟ. ಕೆನ್ನೆ ಒಳಗೆ ಹೋಯಿತು. ಒಂದು ದಿನ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಕೆಳಗೆ ನೋಡುತ್ತಿದ್ದ. ಅವತ್ತಿನಿಂದ ಅವ್ವ ಅವನನ್ನು ಕಣ್ಣಳತೆ ದಾಟಿ ಹೋಗಗೊಡಲಿಲ್ಲ. ಆದರೆ ಒಂದೆರಡು ವಾರ ಕಳೆದ ಮೇಲೆ ಅಪ್ಪ ಹನ್ನೆರಡು ಗಂಟೆಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಲು ಶುರು ಮಾಡಿದ. ಎಲ್ಲಿಗೆ ಎಂದರೆ "ಹಿಂಗೇ" ಅನ್ನುತ್ತಿದ್ದ. ಅವ್ವ ನನ್ನ ಕೈ ಹಿಡಿದು, "ಕಾಲೇಜು ಹಾಳಾಗಿ ಹೋಗ್ಲಿ. ಹಿಂದೆ ಹೋಗಿ ನೋಡು. ಕೆರೆ ಕಡೆ ತಿರುಗಿದರೆ ಕೂಗು" ಎಂದಳು. ನಾನು ಪುಸ್ತಕ ಬಿಸಾಕಿ ಅಪ್ಪನ ಹಿಂದೆ ಹೊರಟೆ.

ಅಪ್ಪ ಕೆರೆಯ ಕಡೆ ತಿರುಗಲಿಲ್ಲ. ದೊಡ್ಡಾಸ್ಪತ್ರೆಯ ಕಾಂಪೌಂಡಿನೊಳಗೆ ಹೋದ. ಅಲ್ಲಿ ಬೇವಿನ ಮರದ ಕೆಳಗೆ ಕರಿಬಸಮ್ಮ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಸುತ್ತ ಹಳ್ಳಿಗಳಿಂದ ರೋಗಿಗಳ ಜೊತೆ ಬಂದು, ಉಣ್ಣಲು ಗತಿಯಿಲ್ಲದೆ ಕೂತ ಮಂದಿ. ಕೆಂಪು ಬಟ್ಟೆಯ ಡಬ್ಬಿ ಒಬ್ಬ ಮುದುಕಿಯ ಕೈಯಲ್ಲಿ, ಹಸಿರು ಬಟ್ಟೆಯದು ಬಾಣಂತಿಯೊಬ್ಬಳ ತಾಯಿಯ ಕೈಯಲ್ಲಿ. ಹಳದಿಯದನ್ನು ಮಾತ್ರ ಯಾರಿಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಬರ್ರಿ ಹಾಲೇಶಣ್ಣ, ಕೂಡ್ರಿ. ನಿಮ್ಮ ಬುತ್ತಿ ನೀವು ಉಣ್ಣಲಿಲ್ಲ ಅಂದ್ರ ನಾನು ತುಂಬಿದ್ದನ್ನ ವಾಪಸ್ ಒಯ್ಯಬೇಕಾಗತೈತೆ. ಅಕ್ಕನ ಮುಂದೆ ಹೆಂಗೆ ನಿಲ್ಲಲಿ? ನನ್ನ ಕೈಲಿ ಇನ್ನೊಂದು ಸಲ ಆಗಲ್ಲ."

ಬುತ್ತಿಯ ಜಾಡು ಹಿಡಿದು ತಾನೇ ಬಂದಿದ್ದನೋ, ಅವಳೇ ಕರೆದಿದ್ದಳೋ, ಅಪ್ಪ ಕೂತ. ಒಂದೂವರೆ ರೊಟ್ಟಿ ಉಂಡು, ಉಳಿದದ್ದನ್ನು ಪಕ್ಕದ ಮುದುಕನಿಗೆ ಕೊಟ್ಟ. ಕೈ ತೊಳೆದು, ಎಕ್ಸ್‌ರೇ ಎಲ್ಲಿ ಎಂದು ತಿಳಿಯದೆ ಒದ್ದಾಡುತ್ತಿದ್ದ ಒಬ್ಬಾಕೆಯನ್ನು ಕರೆದುಕೊಂಡು ಒಳಗೆ ಹೋದ. ಮಿಲ್ಲಿಗೆ ಹೋಗುವಾಗ ನಡೆಯುತ್ತಿದ್ದಂತೆಯೇ ಬಿರಬಿರನೆ ನಡೆದ. ನಾನು ಗೇಟಿನ ಹಿಂದೆ ನಿಂತು ಅತ್ತೆ. ಖುಷಿಗೋ ಸಿಟ್ಟಿಗೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಲ್ಲೆ ಎಂದ ರೊಟ್ಟಿಯನ್ನೇ ಇಲ್ಲಿ ಬಂದು ಉಣ್ಣುತ್ತಾನಲ್ಲ!

ಅವ್ವನಿಗೆ ನಿಜ ಹೇಳಲಿಲ್ಲ. "ಗೆಳೆಯರ ಜೊತೆ ಕೂತಿದ್ದ" ಎಂದೆ. "ಹ್ಞೂಂ" ಎಂದಳು. ಮರುದಿನ ನೋಡಿದರೆ ಕ್ಯಾರಿಯರ್‌ನಲ್ಲಿ ಮೂರರ ಬದಲು ಐದು ರೊಟ್ಟಿ.

"ಯಾಕವ್ವ?"

"ಹಿಟ್ಟು ಜಾಸ್ತಿ ಕಲಸಿಬಿಟ್ಟೆ."

ಮುಂದೆ ದಿನವೂ ಹಿಟ್ಟು ಜಾಸ್ತಿಯೇ ಆಯಿತು. ವರ್ಷ ಕಳೆದ ಮೇಲೆ ಅಪ್ಪನಿಗೆ ಬೀಜದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಆದರೂ ಹಳದಿ ಬಟ್ಟೆಯ ಬುತ್ತಿ ಆಸ್ಪತ್ರೆಗೆ ಹೋಗುವುದು ನಿಲ್ಲಲಿಲ್ಲ. ಬೇರೆ ಓಣಿಯವರೂ ಸೇರಿದರು. ಕರಿಬಸಮ್ಮ ಭಟ್ಟಿಯ ಕೆಲಸ ಬಿಡಲಿಲ್ಲ, ಬುಟ್ಟಿಯನ್ನೂ ಬಿಡಲಿಲ್ಲ. ಸೊಂಟ ಸೋಲುವವರೆಗೆ ಹೊತ್ತಳು. ಇದಕ್ಕೊಂದು ಸಂಘ, ಬೋರ್ಡು, ಹಾರ ಏನೂ ಆಗಲಿಲ್ಲ. ಸೇವೆ ಎಂಬ ಮಾತನ್ನು ಅವರಲ್ಲಿ ಯಾರ ಬಾಯಲ್ಲೂ ನಾನು ಕೇಳಿದ ನೆನಪಿಲ್ಲ.

ಈಗ ಹೇಳಿ, ಆ ಸೋಮವಾರ ಅವಳು ಯಾಕೆ ಬಂದಳು? ಗೊತ್ತಿದ್ದೂ ಬಂದಳೋ, ಮರೆತು ಬಂದಳೋ? ಅವ್ವನನ್ನು ಕೇಳೋಣವೆಂದರೆ ಅವಳು ಹೋಗಿ ಬಹಳ ಕಾಲವಾಯಿತು. ಅಪ್ಪ ಹೋಗಿ ಮೂರು ವರ್ಷ. ಕರಿಬಸಮ್ಮ ಅದಕ್ಕೂ ಎಷ್ಟೋ ಮೊದಲೇ ಹರಿಹರದಲ್ಲಿ ಮಗಳ ಮನೆ ಸೇರಿದ್ದಳು. ಅಪ್ಪ ಹೋದ ಸುದ್ದಿಯನ್ನು ನಾನು ಅವಳಿಗೆ ತಿಳಿಸಿರಲಿಲ್ಲ. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದುಕೊಂಡೇ ಮೂರು ವರ್ಷ ಆಯಿತು. ನಾಚಿಕೆಗೇಡು, ಒಪ್ಪುತ್ತೇನೆ.

ಕ್ಯಾರಿಯರ್ ಕೈಗೆ ಸಿಕ್ಕ ಮೇಲೆ ತಡೆಯಲಾಗಲಿಲ್ಲ. ಮರುದಿನ ರಜೆ ಹಾಕಿದೆ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಐದು ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ, ಚಟ್ನಿ ರುಬ್ಬಿದೆ, ಅದೇ ಡಬ್ಬಿಗಳಲ್ಲಿ ತುಂಬಿದೆ. ಎಂಥ ಚಂದದ ಯೋಚನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹರಿಹರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮೊದಲು ಆರೋಗ್ಯ ಕೇಳುವುದು, ಆಮೇಲೆ ಹಳೆಯ ಮಾತು, ಕೊನೆಗೆ ನಿಧಾನವಾಗಿ ಅಪ್ಪನ ಸುದ್ದಿ.

ಹೊಳೆಯ ಕಡೆಯ ಒಂದು ಸಣ್ಣ ಮನೆ. ಬಾಗಿಲ ಬಳಿ ಮಂಚದ ಮೇಲೆ ಕರಿಬಸಮ್ಮ ಕೂತಿದ್ದಳು. "ಅವ್ವಗೆ ಕಣ್ಣು ಕಾಣಲ್ರಿ, ಬಾಕಿ ಎಲ್ಲ ಚಲೋ ಐತೆ" ಎಂದಳು ಮಗಳು.

"ಕರಿಬಸಕ್ಕ, ಏನು ತಂದೀನಿ ನೋಡ್ರಿ" ಎಂದು ಕ್ಯಾರಿಯರನ್ನು ಅವಳ ತೊಡೆಯ ಮೇಲಿಟ್ಟೆ.

ಅವಳ ಬೆರಳು ಹಿಡಿಕೆಯ ಮೇಲೆ ಹರಿದಾಡಿತು. ತಾನೇ ಹಾಕಿದ್ದ ಗಂಟೂ ಸೀರೆಯ ಅಂಚೂ ಸಿಕ್ಕಿದವು. ಮುಖ ಅರಳಿತು. "ಹಾಲೇಶಣ್ಣಂದು!" ಎಂದಳು. ಅಭ್ಯಾಸದಂತೆ ಹಿಡಿಕೆ ಹಿಡಿದು ಮೇಲೆತ್ತಿ ಒಮ್ಮೆ ಅಲುಗಿಸಿದಳು. ಸದ್ದು ಬರಲಿಲ್ಲ.

ಅವಳ ನಗು ನಿಂತುಹೋಯಿತು.

"ತುಂಬೈತಲ್ಲವ್ವ" ಎಂದಳು. ಕ್ಯಾರಿಯರನ್ನು ಮೆಲ್ಲಗೆ ತೊಡೆಗಿಳಿಸಿ, "ಯಾವಾಗ?"

ನಾನು ಎಂಥ ದಡ್ಡಿ! ಅವಳು ಇಡೀ ಜೀವನ ಹೆದರಿದ್ದನ್ನೇ ತುಂಬಿಕೊಂಡು ಬಂದು ಅವಳ ಮಡಿಲಲ್ಲಿ ಇಟ್ಟಿದ್ದೆ. ಜೋಡಿಸಿದ ಮಾತೆಲ್ಲ ಎತ್ತಲೋ ಹೋಯಿತು. "ಮೂರು ವರ್ಷ ಆತ್ರಿ" ಎಂದು ಅವಳ ಮಂಡಿಗೆ ತಲೆಯಿಟ್ಟು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು.

ಕಣ್ಣೊರೆಸಿಕೊಂಡು ಕೇಳಿದೆ. "ಬೀಗ ಬಿದ್ದ ಮೇಲೂ ಯಾಕ ಬಂದ್ರಿ, ಆ ಸೋಮವಾರ?"

"ನನಗೇನು ಗೊತ್ತವ್ವ? ಹನ್ನೊಂದಾತು, ಕಾಲು ಬಂದವು. ನಿಮ್ಮವ್ವ ಯಾಕ ಕೊಟ್ಟಳು, ಅದನ್ನ ಕೇಳು. ನಾ ಬಂದೆ ಅಂತ ಆಕೆ ಕೊಟ್ಟಳು, ಆಕೆ ಕೊಟ್ಟಳು ಅಂತ ನಾ ಒಯ್ದೆ. ಗೇಟಿಗೆ ನೋಡಿದ್ರ ಬೀಗ. ತುಂಬಿದ್ದು ವಾಪಸ್ ತರಾಕ ಆಗತೈತಾ? ಹಸಿದೋರು ಆಸ್ಪತ್ರೆ ಮುಂದೆ ಇರ್ತಾರ ಅಂತ ನನಗೆ ಗೊತ್ತಿತ್ತು. ನನ್ನ ಗಂಡನ್ನ ಇಟ್ಕಂಡು ನಾನೂ ಅಲ್ಲೇ ಹಸಿದು ಕುಂತಿದ್ನಲ್ಲ."

ನಾನು ಬರೆದುಕೊಳ್ಳಬಹುದಾದ ಉತ್ತರ ಇಷ್ಟೇ. ಇದರಲ್ಲಿ ಮರೆವು ಎಷ್ಟು, ಅರಿವು ಎಷ್ಟು ಎಂದು ನನಗೆ ಈಗಲೂ ತಿಳಿಯದು.

"ಕೂಡ್ರು. ಇದು ಖಾಲಿ ಆಗೋ ತನಕ ಏಳಬ್ಯಾಡ" ಎಂದಳು. ಮಗಳನ್ನು ಕೂಗಿದಳು, ಪಕ್ಕದ ಮನೆಯ ಬೀಬಿಯನ್ನು ಕೂಗಿದಳು. ನಾಲ್ವರೂ ಮುರಿದು ಮುರಿದು ಉಂಡೆವು. "ಚಟ್ನಿಗೆ ಉಪ್ಪು ಕಮ್ಮಿ. ನಿಮ್ಮವ್ವನ ಕೈ ನಿನಗೆ ಬಂದಿಲ್ಲ" ಎಂದೂ ಹೇಳಿಸಿಕೊಂಡೆ. ಮಗಳು ಡಬ್ಬಿಗಳನ್ನು ತೊಳೆದು ತಂದಳು. ಕರಿಬಸಮ್ಮ ಅವನ್ನು ಕೈಯಾರೆ ಜೋಡಿಸಿ, ಎತ್ತಿ ಅಲುಗಿಸಿದಳು. ಖಣಖಣ. "ಹ್ಞಾಂ. ಈಗ ಒಯ್ಯಿ" ಎಂದಳು.

ವಾಪಸ್ ಬರುವಾಗ ಬಸ್ಸು ಪ್ರತಿ ಗುಂಡಿಗೂ ಕುಲುಕಿತು, ನನ್ನ ತೊಡೆಯ ಮೇಲಿನ ಕ್ಯಾರಿಯರ್ ಬಸ್ಸೆಲ್ಲ ಕೇಳುವ ಹಾಗೆ ಬಡಿದುಕೊಂಡಿತು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿ, "ಅದನ್ನ ಸ್ವಲ್ಪ ಗಟ್ಟಿ ಹಿಡ್ಕೊಳ್ರಿ ಮೇಡಂ" ಎಂದರು.

"ಸದ್ದು ಮಾಡ್ಲಿ ಬಿಡ್ರಿ" ಎಂದೆ.